ಎರಡು ಊರಲ್ಲಿ ಕೇಳಿದ ಒಂದೇ ಮಾತು: ಇವಾಂಜೆಲಿಕಲ್ ಸಭೆ ಬಿಟ್ಟ ಒಂದು ಕುಟುಂಬದ ಪ್ರಕರಣ

ಅಮೆರಿಕದ ಡಲ್ಲಾಸ್ ನಗರದ ಆಸುಪಾಸಿನಲ್ಲಿರುವ ಒಂದು ಕನ್ನಡ ಕುಟುಂಬದ ಪ್ರಕರಣ ಇದು. ಅಪ್ಪ, ಅಮ್ಮ, ಮಗಳು. ಮೂವರೂ ಹದಿನೈದು ವರ್ಷಕ್ಕಿಂತ ಜಾಸ್ತಿ ಕಾಲ ಒಂದು ದೊಡ್ಡ ಸದರ್ನ್ ಬ್ಯಾಪ್ಟಿಸ್ಟ್ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಇದ್ದರು. ಸದರ್ನ್ ಬ್ಯಾಪ್ಟಿಸ್ಟ್ ಅನ್ನುವುದು ಅಮೆರಿಕದ ಒಂದು ದೊಡ್ಡ ಇವಾಂಜೆಲಿಕಲ್ ಒಕ್ಕೂಟ; ಬೈಬಲ್ಲಿಗೆ, ಹೊಸದಾಗಿ ಹುಟ್ಟುವ ಅನುಭವಕ್ಕೆ ಒತ್ತು ಕೊಡುವ ಪ್ರಾಟೆಸ್ಟಂಟರನ್ನು ಇವಾಂಜೆಲಿಕಲ್ ಎನ್ನುತ್ತಾರೆ. ಈಗ ಅಪ್ಪ ಮತ್ತು ಮಗಳು ಅಲ್ಲಿಲ್ಲ. ಅಮ್ಮ ಅರ್ಧ ಅಲ್ಲಿ, ಅರ್ಧ ಇಲ್ಲಿ. ನಾನು ಇಲ್ಲಿ ವಲಸೆ ಬಂದ ಕುಟುಂಬಗಳಿಗೆ ಆಪ್ತ ಸಮಾಲೋಚಕಿ. ಕನ್ನಡದಲ್ಲಿ ಮಾತಾಡಬಹುದು ಅನ್ನೋ ಕಾರಣಕ್ಕೇ ಅವರು ನನ್ನ ಹತ್ತಿರ ಬಂದರು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಹೆಸರುಗಳನ್ನು ಬಿಟ್ಟೇ ಬಿಟ್ಟಿದ್ದೇನೆ.

ಇಂಥ ಮನೆಗಳಲ್ಲಿ "ಮಗಳು ದೇವರನ್ನು ಬಿಟ್ಟಳು" ಎಂದು ಅಳುತ್ತಾರೆ. ಆ ಅಳು ನಿಜ, ಅದನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಈ ಮನೆಯಲ್ಲಿ ಮುರಿದಿದ್ದು ಬೇರೆ. ಅದು ಏನೆಂದು ಗೊತ್ತಾಗುವುದರೊಳಗೆ ಬಹಳ ಸಮಯ ಹೋಗಿತ್ತು.

ಅವರು ಅಲ್ಲಿಗೆ ಹೋಗಿದ್ದು ಹೇಗೆ

ಅಪ್ಪ ಕರಾವಳಿಯವರು. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂದ ಮೇಲೆ ಬೆಳೆದ ಪ್ರಾಟೆಸ್ಟಂಟ್ ಸಮುದಾಯದ ಮನೆ. ಈಗ ಅದು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ. ಮನೆಯಲ್ಲಿ ತುಳು, ಆರಾಧನೆ ಕನ್ನಡದಲ್ಲಿ. ಅಜ್ಜ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ನಾಲ್ಕು ತಲೆಮಾರು ಕ್ರೈಸ್ತರಾಗಿದ್ದವರಿಗೆ "ನೀವು ಯಾವಾಗ ಕ್ರೈಸ್ತರಾದಿರಿ?" ಎಂದು ಯಾರೂ ಕೇಳಿರಲಿಲ್ಲ.

ಟೆಕ್ಸಸ್‌ಗೆ ಬಂದಾಗ ಮಗಳಿಗೆ ಎರಡು ವರ್ಷ. ಹತ್ತಿರದಲ್ಲಿ ಕನ್ನಡ ಸಭೆ ಇರಲಿಲ್ಲ. ಆಫೀಸಿನವರೊಬ್ಬರು ತಮ್ಮ ಸಭೆಗೆ ಕರೆದರು. ಬಾಗಿಲಲ್ಲೇ ಕಾಫಿ, ಮಕ್ಕಳಿಗೆ ಪ್ರತ್ಯೇಕ ಕೋಣೆ, ಎಲ್ಲರೂ ಹೆಸರು ಹಿಡಿದು ಮಾತಾಡಿಸುವವರು. ಅಮ್ಮನಿಗೆ ಆಪರೇಷನ್ ಆದಾಗ ಮೂರು ವಾರ ಮನೆಗೆ ಊಟ ತಂದುಕೊಟ್ಟಿದ್ದು ಇವರೇ. ಖಾರ ಇಲ್ಲದ ಊಟ, ನಿಜ. ಆದರೆ ದಿನಾ ಸಂಜೆ ಆರಕ್ಕೆ ಬಾಗಿಲ ಮುಂದೆ ಇರುತ್ತಿತ್ತು. ಇದನ್ನು ಮರೆತು ಈ ಕಥೆ ಹೇಳಿದರೆ ಅನ್ಯಾಯವಾಗುತ್ತದೆ. ಜನ ಇಂಥ ಸಭೆಗಳಿಗೆ ಮೋಸ ಹೋಗಿ ಸೇರುತ್ತಾರೆ ಎಂದು ಹೊರಗಿನವರು ಸುಲಭವಾಗಿ ಹೇಳಿಬಿಡುತ್ತಾರೆ. ಊರು ಬಿಟ್ಟು ಬಂದವರಿಗೆ ಊರು ಕೊಟ್ಟಿದ್ದು ಆ ಸಭೆ.

ಸದಸ್ಯರಾಗುವಾಗ ಒಂದು ತೊಡಕು ಬಂತು. ಕೂಸಾಗಿದ್ದಾಗ ಆದ ದೀಕ್ಷಾಸ್ನಾನವನ್ನು (ಬ್ಯಾಪ್ಟಿಸಮ್) ಬ್ಯಾಪ್ಟಿಸ್ಟರು ಲೆಕ್ಕಕ್ಕೆ ಹಿಡಿಯುವುದಿಲ್ಲ. ತಿಳಿವಳಿಕೆ ಬಂದ ಮೇಲೆ, ಪೂರ್ತಿ ನೀರಲ್ಲಿ ಮುಳುಗಿ ತೆಗೆದುಕೊಳ್ಳಬೇಕು. ವೇದಿಕೆಯ ಹಿಂದೆ ಗಾಜಿನ ತೊಟ್ಟಿ. ಮೂವತ್ತೈದು ದಾಟಿದ ಮನುಷ್ಯ ಬಿಳಿ ನಿಲುವಂಗಿ ಹಾಕಿಕೊಂಡು ಮೂಗು ಹಿಡಿದು ಮುಳುಗಿ ಎದ್ದರು. ಜನ ಚಪ್ಪಾಳೆ ತಟ್ಟಿದರು. ಊರಿಗೆ ಫೋನ್ ಮಾಡಿ ಹೇಳಿದಾಗ ಅವರ ತಾಯಿ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರಂತೆ, "ಹಾಗಾದ್ರೆ ನಿನ್ನ ಅಜ್ಜಂದು ಸ್ನಾನವೇ ಅಲ್ವಾ ಮಗಾ?" ಅವರ ಹತ್ತಿರ ಉತ್ತರ ಇರಲಿಲ್ಲ. ಹದಿನೈದು ವರ್ಷ ಅದು ಹಾಗೇ ಉಳಿಯಿತು.

2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಮತ್ತು ಸುತ್ತಲಿನ ಚರ್ಚ್‌ಗಳ ಮೇಲೆ ದಾಳಿ ನಡೆಯಿತು. ತಾಯಿ ಫೋನಲ್ಲಿ ಅತ್ತರು. ನೆರೆಮನೆಯ ಹುಡುಗನೊಬ್ಬ, ಇವರ ಮನೆಯಲ್ಲೇ ತಿಂಡಿ ತಿಂದು ಬೆಳೆದವನು, ಗೇಟಿನ ಹತ್ತಿರ ನಿಂತು "ಈ ದೇಶ ನಮ್ದು, ಇಲ್ಲಿ ಇರೋದಾದ್ರೆ ನಮ್ಮ ಹಾಗೆ ಇರಿ" ಎಂದಿದ್ದ. ಅದರ ಮುಂದಿನ ಭಾನುವಾರ ಟೆಕ್ಸಸ್‌ನ ಸಭೆಯಲ್ಲಿ ದೊಡ್ಡ ಪರದೆ ಮೇಲೆ ಕರ್ನಾಟಕದ ನಕ್ಷೆ ಹಾಕಿ ಪ್ರಾರ್ಥನೆ ಮಾಡಿದರು. ಅಪ್ಪ ಆವತ್ತು ಬಿಕ್ಕಿ ಬಿಕ್ಕಿ ಅತ್ತರು. ಇದಕ್ಕಿಂತ ದೊಡ್ಡ ಮನೆ ಇನ್ನೇನು ಬೇಕು ಅನಿಸಿತಂತೆ.

ಬಿರುಕು

ಮಗಳಿಗೆ ಹದಿಮೂರಾದಾಗ ಅಪ್ಪನ ಕೈಯಿಂದಲೇ ಒಂದು ಬೆಳ್ಳಿ ಉಂಗುರ ತೊಡಿಸಿದರು, ಮದುವೆವರೆಗೆ ಶುದ್ಧವಾಗಿರುತ್ತೇನೆ ಎಂಬ ಮಾತಿನ ಉಂಗುರ. ಸದರ್ನ್ ಬ್ಯಾಪ್ಟಿಸ್ಟರು 1993ರಲ್ಲಿ ಶುರು ಮಾಡಿದ ಚಳವಳಿಯ ಮುಂದುವರಿಕೆ ಅದು. ಹುಡುಗಿಯರಿಗೆ ಬಟ್ಟೆಯ ಪಾಠ ಇತ್ತು, ಹುಡುಗರಿಗೆ ಕಣ್ಣಿನ ಪಾಠ ಅಷ್ಟಾಗಿ ಇರಲಿಲ್ಲ. ಮಗಳು ಆಗ ಪ್ರಶ್ನೆ ಕೇಳಲಿಲ್ಲ. ಹೆಮ್ಮೆಯಿಂದ ಹಾಕಿಕೊಂಡಳು.

2016ರಲ್ಲಿ ಅಪ್ಪ ಅಮ್ಮನಿಗೆ ಪೌರತ್ವ ಸಿಕ್ಕಿತು. ಆ ವರ್ಷದ ಚುನಾವಣೆಯಲ್ಲಿ ಬಿಳಿಯ ಇವಾಂಜೆಲಿಕಲ್ ಮತದಾರರಲ್ಲಿ ಹತ್ತರಲ್ಲಿ ಎಂಟು ಮಂದಿ ಟ್ರಂಪ್‌ಗೆ ವೋಟು ಹಾಕಿದರು ಎಂದು ಮತಗಟ್ಟೆ ಸಮೀಕ್ಷೆ ಹೇಳಿತು. ಅಪ್ಪನೂ ಅವರಿಗೇ ಹಾಕಿದರು. ಅದು ಅವರ ಮೊದಲ ವೋಟು. ಸಭೆಯ ಬುಧವಾರ ಸಂಜೆಯ ಗುಂಪಿನಲ್ಲಿ ಬೇರೆ ಯೋಚನೆಯೇ ಇರಲಿಲ್ಲ ಅಂತ ಅವರು ಹೇಳುತ್ತಾರೆ. ಯಾರೂ ಒತ್ತಾಯ ಮಾಡಲಿಲ್ಲ. ಒತ್ತಾಯದ ಅಗತ್ಯವೇ ಇರಲಿಲ್ಲ.

2017ರ ಜನವರಿಯಲ್ಲಿ ಮುಸ್ಲಿಮರು ಹೆಚ್ಚಿರುವ ಏಳು ದೇಶಗಳ ಜನರಿಗೆ ಪ್ರವೇಶ ತಡೆಯುವ ಆದೇಶ ಬಂತು. ಡಲ್ಲಾಸ್ ವಿಮಾನ ನಿಲ್ದಾಣದಲ್ಲೂ ಜನ ಪ್ರತಿಭಟನೆಗೆ ಸೇರಿದರು. ಆ ವಾರದ ಗುಂಪಿನಲ್ಲಿ, ಹಿಂದೆ ಊಟ ತಂದುಕೊಟ್ಟಿದ್ದ ಅದೇ ಮನೆಯ ಹಿರಿಯರು, ತುಂಬಾ ಮೃದುವಾಗಿ ಹೇಳಿದರು: ಇದು ಕ್ರೈಸ್ತ ದೇಶ, ಇಲ್ಲಿಗೆ ಬರುವವರು ನಮ್ಮ ಹಾಗೆ ಇರಬೇಕು. ಎಲ್ಲರೂ ತಲೆಯಾಡಿಸಿದರು. ಅಪ್ಪನೂ ತಲೆಯಾಡಿಸಿದರು. ಮನೆಗೆ ಬಂದು ಯಾರಿಗೂ ಏನೂ ಹೇಳಲಿಲ್ಲ.

ಮಗಳು 2019ರಲ್ಲಿ ವಿಶ್ವವಿದ್ಯಾಲಯಕ್ಕೆ ಹೋದಳು. ಅದೇ ವರ್ಷ ಫೆಬ್ರುವರಿಯಲ್ಲಿ ಟೆಕ್ಸಸ್‌ನ ಎರಡು ಪತ್ರಿಕೆಗಳು ಸೇರಿ ಒಂದು ತನಿಖಾ ವರದಿ ಪ್ರಕಟಿಸಿದ್ದವು. ಇಪ್ಪತ್ತು ವರ್ಷದಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಸಭೆಗಳ ಸುಮಾರು 380 ಪಾಸ್ಟರ್‌ಗಳು (ಸಭೆಯ ಬೋಧಕರು), ಕಾರ್ಯಕರ್ತರ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ, 700ಕ್ಕೂ ಹೆಚ್ಚು ಸಂತ್ರಸ್ತರು. ಮಗಳು ಅದನ್ನು ಪೂರ್ತಿ ಓದಿದಳು. ಉಂಗುರವನ್ನು ಅವತ್ತೇ ತೆಗೆದಿಟ್ಟಳಂತೆ. 2020ರ ಬೇಸಿಗೆಯಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯ ಪೊಲೀಸರ ಕೈಯಲ್ಲಿ ಸತ್ತ ನಂತರದ ಭಾನುವಾರ ಸಭೆಯಲ್ಲಿ ಪೊಲೀಸರಿಗಾಗಿ ಪ್ರಾರ್ಥನೆ ನಡೆಯಿತು, ಸತ್ತವನ ಹೆಸರು ಬರಲಿಲ್ಲ. ಆ ವರ್ಷ ಥ್ಯಾಂಕ್ಸ್‌ಗಿವಿಂಗ್ ಊಟದ ಹೊತ್ತಲ್ಲಿ ಅವಳು ಹೇಳಿದಳು: "ನಾನು ಇನ್ನು ಚರ್ಚಿಗೆ ಬರಲ್ಲ ಅಪ್ಪಾ."

ಮೊದಲು ಮಾಡಿ ನೋಡಿದ್ದು

ಅಪ್ಪ ಬೈಬಲ್ ವಾಕ್ಯಗಳನ್ನು ಕಳಿಸಿದರು. ಪಾಸ್ಟರ್‌ಗಳ ಪ್ರಸಂಗಗಳ (ಬೋಧನೆಗಳ) ವಿಡಿಯೊ ಕಳಿಸಿದರು. ಬೆಳಿಗ್ಗೆ ಎದ್ದರೆ ವಾಟ್ಸಾಪಿನಲ್ಲಿ ಮೂರು ಸಂದೇಶ. ಮಗಳು ಚರಿತ್ರೆ ಕಳಿಸಿದಳು. ಸದರ್ನ್ ಬ್ಯಾಪ್ಟಿಸ್ಟ್ ಒಕ್ಕೂಟ 1845ರಲ್ಲಿ ಹುಟ್ಟಿದ್ದೇ ಗುಲಾಮರನ್ನು ಇಟ್ಟುಕೊಂಡವರು ಮಿಷನರಿ ಆಗಬಹುದೇ ಎಂಬ ಜಗಳದಲ್ಲಿ, ಆಗಬಹುದು ಎಂದವರ ಪಾಳಯವಾಗಿ. ಅದಕ್ಕೆ ಕ್ಷಮೆ ಕೇಳಿದ್ದು 1995ರಲ್ಲಿ. ಈಗ ಗರ್ಭಪಾತವನ್ನು ವಿರೋಧಿಸುವ ಇದೇ ಒಕ್ಕೂಟ 1971ರಲ್ಲಿ ಅತ್ಯಾಚಾರ, ತಾಯಿಯ ಆರೋಗ್ಯದಂಥ ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಕಾನೂನಿನ ಅವಕಾಶ ಇರಲಿ ಎಂದು ನಿರ್ಣಯ ಮಾಡಿತ್ತು.

ಕೊನೆಯದನ್ನು ಅಪ್ಪ ನಂಬಲಿಲ್ಲ. ಸುಳ್ಳು ಎಂದು ತೋರಿಸಲು ಹುಡುಕಿದರು. ಒಕ್ಕೂಟದ ಸ್ವಂತ ವೆಬ್‌ಸೈಟಿನಲ್ಲೇ ಸಿಕ್ಕಿತು. ಆದರೂ ಒಪ್ಪಿಕೊಳ್ಳಲಿಲ್ಲ, ಇನ್ನೂ ಜೋರಾಗಿ ವಾದಿಸಿದರು. ಇದನ್ನು ಓದುತ್ತಿರುವ ಮಕ್ಕಳಿಗೆ ಒಂದು ಮಾತು. ದಾಖಲೆ ಸಿಕ್ಕ ಕೂಡಲೇ ಅಪ್ಪ ಅಮ್ಮ ಬದಲಾಗುತ್ತಾರೆ ಎಂದು ಕಾಯಬೇಡಿ. ದಾಖಲೆ ಒಳಗೆ ಕೂತಿರುತ್ತದೆ. ಕೆಲಸ ಮಾಡಲು ಅದಕ್ಕೆ ಬೇರೆ ಏನೋ ಬೇಕು.

ಆಮೇಲೆ ಪಾಸ್ಟರ್ ಹತ್ತಿರ ಕರೆದುಕೊಂಡು ಹೋದರು. ಇದು ದೊಡ್ಡ ತಿರುವು, ಕೆಟ್ಟ ಕಡೆಗೆ. ಪಾಸ್ಟರ್ ಒಳ್ಳೆಯ ಉದ್ದೇಶದಿಂದಲೇ ಕೇಳಿದರು ಎಂದು ನಾನು ನಂಬುತ್ತೇನೆ. ಆದರೆ ಅವರ ಪ್ರಶ್ನೆ ಇದು: "ಈ ಅನುಮಾನದ ಹಿಂದೆ ಯಾವ ಪಾಪ ಇದೆ?" ಹತ್ತೊಂಬತ್ತರ ಹುಡುಗಿಗೆ ಅಪ್ಪನ ಎದುರು ಈ ಪ್ರಶ್ನೆ. ಅವಳು ಎದ್ದು ಹೊರಗೆ ಹೋಗಿ ಕಾರಿನಲ್ಲಿ ಕೂತಳು. ಅಪ್ಪ ಒಳಗೇ ಕೂತಿದ್ದರು. ಮಗಳಿಗೆ ಇವತ್ತಿಗೂ ನೋವಾಗುವುದು ಆ ಪ್ರಶ್ನೆಯಿಂದಲ್ಲ, ಅಪ್ಪ ಎದ್ದು ಬರಲಿಲ್ಲವಲ್ಲ ಅಂತ.

2021ರ ಜನವರಿ 6ರಂದು ವಾಷಿಂಗ್ಟನ್‌ನ ಸಂಸತ್ ಭವನಕ್ಕೆ ಜನ ನುಗ್ಗಿದರು. ಟಿವಿಯಲ್ಲಿ ಶಿಲುಬೆಗಳು ಕಂಡವು, ಯೇಸುವಿನ ಹೆಸರಿನ ಫಲಕಗಳು ಕಂಡವು. ಸೆನೆಟ್ ಸಭಾಂಗಣದ ಒಳಗೆ ನಿಂತು ಯೇಸುವಿನ ಹೆಸರಲ್ಲಿ ಪ್ರಾರ್ಥನೆ ಮಾಡಿದ ವಿಡಿಯೊ ಆಮೇಲೆ ಹೊರಬಂತು. "ಅವರು ನಮ್ಮವರಲ್ಲ" ಎಂದರು ಅಪ್ಪ. "ಪ್ರಾರ್ಥನೆ ಮಾತ್ರ ನಮ್ಮದೇ" ಎಂದಳು ಮಗಳು. ಆಮೇಲೆ ಎರಡು ತಿಂಗಳು ಮಾತಿಲ್ಲ. ಅಮ್ಮ ಇಬ್ಬರ ನಡುವೆ ಸುದ್ದಿ ಮುಟ್ಟಿಸುತ್ತಾ ಸೋತು, ಆ ವಸಂತದಲ್ಲಿ ನನಗೆ ಫೋನ್ ಮಾಡಿದರು.

ಒಂದು ಹಾಳೆ, ನಾಲ್ಕು ಸಾಲು

ಅಪ್ಪ ಬಂದ ಕೂಡಲೇ ಕೇಳಿದ್ದು, "ಅವಳಿಗೆ ನಂಬಿಕೆ ಉಂಟಾ ಇಲ್ವಾ, ಅದು ಗೊತ್ತಾಗಬೇಕು." ಈ ಪ್ರಶ್ನೆಯನ್ನು ಸದ್ಯಕ್ಕೆ ಕೈಗೆತ್ತಿಕೊಳ್ಳುವುದಿಲ್ಲ ಎಂದು ನಾನು ನೇರವಾಗಿ ಹೇಳಿದೆ. ಅವರಿಗೆ ಇಷ್ಟವಾಗಲಿಲ್ಲ. ಈ ಪ್ರಕರಣದಲ್ಲಿ ನಾನು ತೆಗೆದುಕೊಂಡ ನಿರ್ಧಾರಗಳಲ್ಲಿ ಇದೇ ಮುಖ್ಯವಾದದ್ದು ಎಂದು ಈಗಲೂ ಅನಿಸುತ್ತದೆ. ಆ ಪ್ರಶ್ನೆಗೆ ಹೌದು ಅಂದರೆ ಭಾನುವಾರ ಬಾ ಎನ್ನುತ್ತಾರೆ, ಇಲ್ಲ ಅಂದರೆ ಕಳೆದುಹೋದಳು ಎನ್ನುತ್ತಾರೆ. ಎರಡರಲ್ಲೂ ಮಾತು ಅಲ್ಲಿಗೇ ನಿಲ್ಲುತ್ತದೆ.

ಬದಲಿಗೆ ಒಂದು ಹಾಳೆ ಕೊಟ್ಟೆ. ಅದರಲ್ಲಿ ಉದ್ದಕ್ಕೆ ನಾಲ್ಕು ಸಾಲು: ದೇವರು, ಸಭೆ, ಸ್ನೇಹಿತರು, ವೋಟು. ಕಳೆದ ವರ್ಷ ಮನೆಯಲ್ಲಿ ಜಗಳವಾದ ಪ್ರತಿಯೊಂದು ವಿಷಯವನ್ನೂ ಯಾವುದಾದರೂ ಒಂದು ಸಾಲಿಗೆ ಹಾಕಿ ಎಂದೆ. ಕನ್ನಡದಲ್ಲೇ ಬರೆಯಿರಿ ಎಂದೂ ಹೇಳಿದೆ. ಇಂಗ್ಲಿಷಿನಲ್ಲಿ ಅವರಿಗೆ ಪ್ರಸಂಗದ ಮಾತುಗಳೇ ಬರುತ್ತಿದ್ದವು.

ಅಪ್ಪ ಬರೆದರು. ಬಂದೂಕು, ಗಡಿಗೋಡೆ, ಮಾಸ್ಕ್, ಜನವರಿ 6, ಫ್ಲಾಯ್ಡ್, ಚುನಾವಣೆ. ಎಲ್ಲ ವೋಟಿನ ಸಾಲಿಗೆ ಹೋಯಿತು. ಉಂಗುರ, ಪಾಸ್ಟರ್ ಪ್ರಶ್ನೆ, ಹೆಂಗಸರು ಯಾಕೆ ಪಾಸ್ಟರ್ ಆಗಬಾರದು ಅನ್ನೋದು ಸಭೆಯ ಸಾಲಿಗೆ. ದೇವರ ಸಾಲಿನಲ್ಲಿ ರಾತ್ರಿಯ ಪ್ರಾರ್ಥನೆ, ಬೈಬಲ್ಲಿನ 23ನೇ ಕೀರ್ತನೆ, ಅಮ್ಮನ ಆಪರೇಷನ್ ದಿನ. ಪೆನ್ನು ಇಟ್ಟು ಹೇಳಿದರು, "ಈ ಸಾಲಿನದ್ದಕ್ಕೆ ನಾವು ಜಗಳವೇ ಆಡಿಲ್ಲ."

ಮಗಳು ಬರೆದ ಹಾಳೆ ಬೇರೆ ಥರ ಇತ್ತು. ಅವಳ ದೇವರ ಸಾಲು ಖಾಲಿ. ಸ್ನೇಹಿತರ ಸಾಲು ತುಂಬಿ ಹಿಂಬದಿಗೆ ಹೋಗಿತ್ತು. ಬಾಲ್ಯದ ಗೆಳತಿಯರು, ಸಂಗೀತ ತಂಡ, ಬೇಸಿಗೆ ಶಿಬಿರ. ಬಿಟ್ಟು ಬರುವ ಮೊದಲು ಅವಳು ಇಷ್ಟನ್ನೂ ಲೆಕ್ಕ ಹಾಕಿದ್ದಳು ಎಂದು ಅಪ್ಪನಿಗೆ ಗೊತ್ತಾಗಿದ್ದೇ ಆಗ. ಸುಲಭವಾಗಿ ಎದ್ದು ಹೋದಳು ಎಂದು ಅವರು ಅಂದುಕೊಂಡಿದ್ದರು.

ಆಮೇಲಿನ ಭೇಟಿಯಲ್ಲಿ ಅಪ್ಪ, ಕೇಳದೆಯೇ, 2017ರ ಆ ಬುಧವಾರದ ಮಾತನ್ನು ಹೇಳಿದರು. ನಂತರ 2008ರ ಗೇಟಿನ ಮಾತನ್ನು. "ಎರಡೂ ಒಂದೇ ಮಾತು. ಅಲ್ಲಿ ನಾವು ಗೇಟಿನ ಒಳಗೆ ಹೆದರಿಕೊಂಡು ನಿಂತಿದ್ವಿ. ಇಲ್ಲಿ ನಾನು ಹೇಳುವವರ ಪಕ್ಕದಲ್ಲಿ ಕೂತು ತಲೆಯಾಡಿಸಿದೆ." 2008ರಲ್ಲಿ ಮಗಳಿಗೆ ಏಳು ವರ್ಷ. ಅವಳಿಗೆ ಅದು ಅಪ್ಪ ಚರ್ಚಿನಲ್ಲಿ ಅತ್ತ ದಿನ ಎಂದಷ್ಟೇ ನೆನಪು. ನಾಲ್ಕು ವರ್ಷದಿಂದ ಅಪ್ಪನೊಳಗೂ ಅದೇ ಪ್ರಶ್ನೆ ಕೊರೆಯುತ್ತಿತ್ತು ಎಂದು ಅವಳಿಗೆ ಗೊತ್ತಿರಲಿಲ್ಲ. ಆ ದಿನದಿಂದ ವಾಟ್ಸಾಪ್ ವಾಕ್ಯಗಳು ನಿಂತವು.

ಅಲ್ಪಸಂಖ್ಯಾತರಾಗಿ ಬದುಕಿದವರಿಗೆ, ಬಹುಸಂಖ್ಯಾತರ ಧರ್ಮ ಮತ್ತು ಅಧಿಕಾರ ಒಂದಾದರೆ ಏನಾಗುತ್ತದೆ ಎಂದು ಗೊತ್ತಿರುತ್ತದೆ. ಬೇರೆ ದೇಶಕ್ಕೆ ಹೋಗಿ ತಾವೇ ಬಹುಸಂಖ್ಯಾತರ ಬೆಂಚಿನಲ್ಲಿ ಕೂತಾಗ ಅದು ಮರೆತುಹೋಗಬಹುದು. ಅಪ್ಪ ಮರೆತಿರಲಿಲ್ಲ, ಮುಚ್ಚಿಟ್ಟಿದ್ದರು. 2019ರ ಸೆಪ್ಟೆಂಬರ್‌ನಲ್ಲಿ ಹ್ಯೂಸ್ಟನ್ನಿನಲ್ಲಿ ಮೋದಿ ಮತ್ತು ಟ್ರಂಪ್ ಸೇರಿ ದೊಡ್ಡ ಸಮಾವೇಶ ನಡೆಸಿದಾಗ ಆಫೀಸಿನ ಕನ್ನಡ ಗೆಳೆಯರು ಬಸ್ ಮಾಡಿಕೊಂಡು ಹೋದರು, ಇವರನ್ನೂ ಕರೆದರು. ಸಭೆಯವರೂ "ನಿಮ್ಮ ಪ್ರಧಾನಿ, ನಮ್ಮ ಅಧ್ಯಕ್ಷ" ಎಂದು ಖುಷಿಪಟ್ಟರು. ಇವರೊಬ್ಬರಿಗೆ ಅವತ್ತು ಊಟ ಸೇರಲಿಲ್ಲ. ಯಾಕೆಂದು ಯಾರಿಗೆ ಹೇಳುವುದು?

ಬಿಡುವುದು ಅಂದರೆ

ವೋಟಿನ ಸಾಲು ಬೇರೆಯಾದ ಮೇಲೆ ಅಪ್ಪ ತಾವೇ ಓದತೊಡಗಿದರು. ಇತಿಹಾಸಕಾರ ಡೇವಿಡ್ ಬೆಬಿಂಗ್ಟನ್ 1989ರಲ್ಲಿ ಇವಾಂಜೆಲಿಕಲ್ ಎನ್ನಲು ನಾಲ್ಕು ಗುರುತು ಹೇಳಿದ್ದರು: ಹೊಸದಾಗಿ ಹುಟ್ಟುವುದು (ಮನಪರಿವರ್ತನೆ), ಬೈಬಲ್ಲಿನ ಅಧಿಕಾರ, ಶಿಲುಬೆ, ಸುವಾರ್ತೆಯ ಕೆಲಸ. ಅದರಲ್ಲಿ ಪಕ್ಷ ಇಲ್ಲ. ಅಪ್ಪನ ಆಫೀಸಿನಲ್ಲಿ ಒಬ್ಬ ಕಪ್ಪು ಸಹೋದ್ಯೋಗಿ ಇದ್ದರು, ಅವರ ಬ್ಯಾಪ್ಟಿಸ್ಟ್ ಸಭೆಯಲ್ಲಿ ಡೀಕನ್ (ಸಭೆಯ ಕೆಲಸ ನೋಡಿಕೊಳ್ಳುವವರು). ವರ್ಷಗಟ್ಟಲೆ ಒಟ್ಟಿಗೆ ಊಟ ಮಾಡಿದ್ದರೂ ರಾಜಕೀಯ ಮಾತಾಡಿರಲಿಲ್ಲ. ಕೇಳಿದಾಗ ಗೊತ್ತಾಯಿತು, ನಾಲ್ಕೂ ಗುರುತು ಅವರಿಗೂ ಹೊಂದುತ್ತವೆ, ವೋಟು ಮಾತ್ರ ಪೂರ್ತಿ ಉಲ್ಟಾ. ಅಮೆರಿಕದ ಕಪ್ಪು ಪ್ರಾಟೆಸ್ಟಂಟರಲ್ಲಿ ಬಹುಪಾಲು ಜನ ಡೆಮಾಕ್ರಟಿಕ್ ಪಕ್ಷಕ್ಕೇ ವೋಟು ಹಾಕುತ್ತಾರೆ. ಒಂದೇ ಬೈಬಲ್. ಹಾಗಾದರೆ ನಾನು ಇಷ್ಟು ದಿನ ವೋಟು ಹಾಕಿದ್ದು ಯಾವ ಪುಸ್ತಕ ನೋಡಿ ಎಂದು ಅವರು ನನ್ನನ್ನು ಕೇಳಿದರು.

ಇನ್ನೊಂದು ಲೆಕ್ಕ ಅವರನ್ನು ತುಂಬಾ ಕಾಡಿತು. ಖಾಸಗಿ ಬದುಕಿನಲ್ಲಿ ಅನೈತಿಕವಾಗಿ ನಡೆದುಕೊಂಡ ನಾಯಕ ಅಧಿಕಾರದಲ್ಲಿ ಸರಿಯಾಗಿ ನಡೆದುಕೊಳ್ಳಬಲ್ಲನೇ ಎಂದು ಪಿಆರ್‌ಆರ್‌ಐ ಎಂಬ ಅಮೆರಿಕದ ಸಮೀಕ್ಷಾ ಸಂಸ್ಥೆ ಕೇಳಿತ್ತು. 2011ರಲ್ಲಿ ಹೌದು ಎಂದ ಬಿಳಿಯ ಇವಾಂಜೆಲಿಕಲ್‌ಗಳು ಶೇ. 30. 2016ರಲ್ಲಿ ಶೇ. 72. ಐದು ವರ್ಷದಲ್ಲಿ ಬೈಬಲ್ ಬದಲಾಗಿರಲಿಲ್ಲ. ನಾಯಕರ ನಡತೆ ಮುಖ್ಯ ಎಂದು 1998ರಲ್ಲಿ ನಿರ್ಣಯ ಮಾಡಿದ್ದು ಇದೇ ಸದರ್ನ್ ಬ್ಯಾಪ್ಟಿಸ್ಟ್ ಒಕ್ಕೂಟ, ಕ್ಲಿಂಟನ್ ಅಧ್ಯಕ್ಷರಾಗಿದ್ದಾಗ.

ಆದರೂ ಅಪ್ಪ ಬಿಡಲಿಲ್ಲ. ಒಂದು ವರ್ಷ ಭಾನುವಾರ ಹೋದರು, ಬುಧವಾರ ನಿಲ್ಲಿಸಿದರು. ನಾನು ಅವಸರ ಮಾಡಲಿಲ್ಲ. 2022ರ ಮೇ ತಿಂಗಳಲ್ಲಿ ಒಕ್ಕೂಟದ ಮೇಲಿನ ಸ್ವತಂತ್ರ ತನಿಖೆಯ ವರದಿ ಬಂತು. ದೌರ್ಜನ್ಯದ ಆರೋಪ ಹೊತ್ತವರ 700ಕ್ಕೂ ಹೆಚ್ಚು ಹೆಸರುಗಳ ಪಟ್ಟಿಯನ್ನು ಒಳಗೇ ಗುಟ್ಟಾಗಿ ಇಟ್ಟುಕೊಂಡಿದ್ದರು. ಹೊರಗೆ ಮಾತ್ರ, ಪ್ರತಿ ಸಭೆಯೂ ಸ್ವತಂತ್ರ, ಹಾಗಾಗಿ ಪಟ್ಟಿ ಇಡಲು ಆಗುವುದಿಲ್ಲ ಎಂದು ಸಂತ್ರಸ್ತರಿಗೆ ಹೇಳುತ್ತಿದ್ದರು. ಇದು ಅಮ್ಮನನ್ನು ಅಲ್ಲಾಡಿಸಿತು. ಅವರು ನರ್ಸ್. ಟೆಕ್ಸಸ್‌ನಲ್ಲಿ ಮಗುವಿನ ಮೇಲೆ ದೌರ್ಜನ್ಯದ ಅನುಮಾನ ಬಂದರೆ ಯಾರೇ ಆದರೂ ವರದಿ ಮಾಡಲೇಬೇಕು ಎಂಬ ಕಾನೂನಿದೆ. "ನಾನು ಒಂದು ಗಾಯ ನೋಡಿ ಸುಮ್ನಿದ್ರೆ ನನ್ನ ಕೆಲಸ ಹೋಗ್ತದೆ. ಇವರು ಪಟ್ಟಿಯನ್ನೇ ಇಟ್ಕೊಂಡಿದ್ರಲ್ಲ!" ಎಂದರು. ಅಲ್ಲಿವರೆಗೆ ಅವರು ಒಂದು ಸಾಲೂ ಬರೆದಿರಲಿಲ್ಲ. ಅವತ್ತು ಹಾಳೆ ಕೇಳಿ ತೆಗೆದುಕೊಂಡರು.

ಆ ಜೂನ್‌ನಲ್ಲಿ ಅಪ್ಪ ಸಭೆ ಬಿಡುತ್ತೇನೆ ಎಂದು ಎರಡು ಸಾಲಿನ ಪತ್ರ ಕೊಟ್ಟರು. ಸಭೆಯ ನಾಯಕರು ಕೂತು ಮಾತಾಡೋಣ ಎಂದರು. ಇವರು ಧನ್ಯವಾದ ಹೇಳಿ ಬೇಡ ಎಂದರು. ಕಾರಣಗಳನ್ನು ಬರೆಯಬೇಕೋ ಬೇಡವೋ ಎಂದು ನಾವು ತುಂಬಾ ಚರ್ಚಿಸಿದ್ದೆವು. ಬರೆದರೆ ಪ್ರತಿಯೊಂದಕ್ಕೂ ಉತ್ತರ ಬರುತ್ತದೆ, ಮತ್ತೆ ವಾದ ಶುರು. ಊಟ ತಂದುಕೊಟ್ಟ ಮನೆಯವರಿಗೆ ಮಾತ್ರ ಅವರು ಬೇರೆಯಾಗಿ, ಕೈಬರಹದಲ್ಲಿ, ಉದ್ದದ ಪತ್ರ ಬರೆದರು. ಉಪಕಾರ ನೆನೆದು ಬರೆದ ಪತ್ರ ಅದು. ಉತ್ತರ ಬರಲಿಲ್ಲ.

ನಂತರದ ತಿಂಗಳುಗಳು ಕಷ್ಟದವು. ಫೋನ್‌ಗಳು ನಿಂತವು. ಕಾರು ಕೆಟ್ಟಾಗ, ಜ್ವರ ಬಂದಾಗ ಯಾರನ್ನು ಕರೆಯಬೇಕು ಎಂದು ತಿಳಿಯಲಿಲ್ಲ. ಬಿಡುವವರ ಜೊತೆ ಕೆಲಸ ಮಾಡುವವರು ಇದನ್ನು ಮೊದಲೇ ಯೋಚಿಸಬೇಕು. ದೇವರ ಪ್ರಶ್ನೆಗಳು ಕಾಯುತ್ತವೆ. ಆಸ್ಪತ್ರೆಗೆ ಬಿಟ್ಟುಬರುವವರು ಯಾರು ಎಂಬ ಪ್ರಶ್ನೆ ಕಾಯುವುದಿಲ್ಲ. ನಾವು ಪತ್ರ ಕೊಡುವ ಮೊದಲೇ ಅಕ್ಕಪಕ್ಕದವರು, ಆಫೀಸಿನವರು, ಕನ್ನಡ ಸಂಘದವರು ಎಂದು ಪಟ್ಟಿ ಮಾಡಿಕೊಂಡಿದ್ದೆವು. ಅರ್ಧಕ್ಕರ್ಧ ಕೆಲಸಕ್ಕೆ ಬಂತು.

ಮಗಳ ದಾರಿ ಬೇರೆ. 2016ರಿಂದ ಈಚೆಗೆ ಸಭೆ ಬಿಟ್ಟವರು ಆನ್‌ಲೈನಿನಲ್ಲಿ ತಮ್ಮನ್ನು ಎಕ್ಸ್‌ವಾಂಜೆಲಿಕಲ್ ಎಂದು ಕರೆದುಕೊಳ್ಳುತ್ತಾರೆ. ಅವಳಿಗೆ ಅಲ್ಲಿ ಜೊತೆ ಸಿಕ್ಕಿತು, ಧೈರ್ಯ ಸಿಕ್ಕಿತು. ಸ್ವಲ್ಪ ದಿನ ಅಲ್ಲೂ ಹಳೆಯ ಸಭೆಯ ಬಿಗಿಯೇ ಇತ್ತು. ಯಾರು ಸರಿಯಾಗಿ ಬಿಟ್ಟರು, ಯಾರು ಅರ್ಧ ಬಿಟ್ಟರು ಎಂದು ಅಳೆಯುವುದು. ಅಪ್ಪ ಬೇರೆ ಸಭೆಗೆ ಹೋಗುತ್ತೇನೆ ಎಂದಾಗ ಅವಳು ಸಿಟ್ಟಾದಳು. ಆ ಸಿಟ್ಟಿಗೂ ಜಾಗ ಕೊಟ್ಟೆವು. ಈಗ ಅವಳು ತನಗೆ ದೇವರ ಬಗ್ಗೆ ಗೊತ್ತಿಲ್ಲ ಎನ್ನುತ್ತಾಳೆ, ಅಪ್ಪ ಅದಕ್ಕೆ ಮೇಲೆ ಪ್ರಶ್ನೆ ಕೇಳುವುದಿಲ್ಲ. ಪಾಸ್ಟರ್ ಕೋಣೆಯಲ್ಲಿ ಎದ್ದು ಬಾರದಿದ್ದಕ್ಕೆ ಅವರು ಅವಳ ಹತ್ತಿರ ಕ್ಷಮೆ ಕೇಳಿದ್ದಾರೆ.

ಅಪ್ಪ ಈಗ ಎಪಿಸ್ಕೋಪಲ್ ಸಭೆಗೆ ಹೋಗುತ್ತಾರೆ. ಸಿಎಸ್‌ಐ ಮತ್ತು ಎಪಿಸ್ಕೋಪಲ್ ಎರಡೂ ಆಂಗ್ಲಿಕನ್ ಒಕ್ಕೂಟದವು, ಅಂದರೆ ಇಂಗ್ಲೆಂಡಿನ ಚರ್ಚಿನ ಜೊತೆ ನಂಟಿರುವ ಸಭೆಗಳ ಒಕ್ಕೂಟದವು. ಅಲ್ಲಿ ಅವರ ಕೂಸಿನ ದೀಕ್ಷಾಸ್ನಾನವೇ ಸಾಕಿತ್ತು. ಅದನ್ನು ತಾಯಿಗೆ ಫೋನ್ ಮಾಡಿ ಹೇಳಿದರು.

ಅಮ್ಮ ಸದಸ್ಯತ್ವ ಬಿಟ್ಟರು, ಹೆಂಗಸರ ಗುಂಪು ಬಿಡಲಿಲ್ಲ. ಆ ಗುಂಪಿನ ಇಬ್ಬರು ಎಲ್ಲದರ ನಡುವೆಯೂ ಮನೆಗೆ ಬರುವುದನ್ನು ನಿಲ್ಲಿಸಿರಲಿಲ್ಲ. ಅಪ್ಪನಿಗೆ ಇದು ಒಪ್ಪಿತವಾಗಲು ಸಮಯ ಹಿಡಿಯಿತು. ಬಿಡುವುದಾದರೆ ಮನೆಮಂದಿಯೆಲ್ಲ ಒಟ್ಟಿಗೆ ಬಿಡಬೇಕು ಎಂಬುದೂ ಆ ಸಭೆಯೇ ಕಲಿಸಿದ್ದು ಎಂದು ಮಗಳು ನೆನಪಿಸಿದಳು. ಅಲ್ಲಿ ಗಂಡ ಹೇಳಿದಲ್ಲಿಗೆ ಹೆಂಡತಿ, ಅಲ್ವಾ? ಕೊನೆಗೆ ಉಳಿದ ಜಗಳ ದಶಮಾಂಶದ್ದು. ಇಬ್ಬರ ಸಂಬಳದ ಹತ್ತರಲ್ಲೊಂದು ಪಾಲು ಯಾವ ಸಭೆಗೆ? ಮೂರು ತಿಂಗಳು ಚರ್ಚೆ ಮಾಡಿ ಅಮ್ಮನೇ ದಾರಿ ಹುಡುಕಿದರು. ಅವರ ಪಾಲು ಹಳೆಯ ಸಭೆಯ ಉಚಿತ ದಿನಸಿ ಕೇಂದ್ರಕ್ಕೆ, ಚೆಕ್ಕಿನ ಮೇಲೆ ಅದಕ್ಕೇ ಎಂದು ಬರೆದು. ಅಪ್ಪನ ಪಾಲು ಎಲ್ಲಿಗೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ.